ಅಜ್ಜಿಯ ಡಬ್ಬದ ಮೆಣಸು ಯಾವ ಊರಿನದು?

ಹೋದ ವರ್ಷ ಮಳೆ ಬಿಟ್ಟ ಮೇಲೆ ವೇಣೂರಿನ ಹತ್ತಿರದ ಅಜ್ಜಿಮನೆಯನ್ನು ಬಿಚ್ಚಿದೆವು. ಅಜ್ಜಿ ತೀರಿಕೊಂಡು ನಾಲ್ಕು ವರ್ಷ ಆಗಿತ್ತು, ಮಾಡು ಸೋರುತ್ತಿತ್ತು, ಉಳಿಸುವ ಹಾಗಿರಲಿಲ್ಲ. ಅಡುಗೆಮನೆಯ ಅಟ್ಟದಿಂದ ಸಾಮಾನು ಇಳಿಸುವಾಗ ಮಸಿ ಹಿಡಿದ ಒಂದು ಬಿಸ್ಕೀಟು ಡಬ್ಬ ಸಿಕ್ಕಿತು. ಒಳಗೆ ಬೂದಿ. ಬೂದಿಯಲ್ಲಿ ಕೈಯಾಡಿಸಿದರೆ ಒಣಮೆಣಸು, ಎಣಿಸಿದರೆ ಹದಿನೇಳು!

ಗಿಡ್ಡ, ಬುಡದಲ್ಲಿ ಸ್ವಲ್ಪ ದಪ್ಪ, ತುದಿ ಚೂಪು, ಬಣ್ಣ ಕಪ್ಪುಗೆಂಪು. ಅಮ್ಮ ಒಂದನ್ನು ಮುರಿದು ನಾಲಗೆಗೆ ತಾಗಿಸಿ ಸುಮ್ಮನೆ ನಿಂತಳು. "ಇದೇ. ಅಮ್ಮನ ಮೆಣಸ್ಕಾಯಿಗೆ ಇದೇ ಹಾಕುತ್ತಿದ್ದದ್ದು" ಅಂದಳು. ಹೆಸರೇನು ಎಂದು ಕೇಳಿದೆ. "ಹೆಸರಾ? ಮೆಣಸು!" ಅಷ್ಟೇ.

ನನಗೆ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ಎರಡು ಮೆಣಸನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಟೆ.

ಮೊದಲು ಬಂಟ್ವಾಳ ಪೇಟೆ. ಅಲ್ಲಿಯ ಹಳೆಯ ಜೀನಸಿನ ಅಂಗಡಿಯವರು ಮೂಸಿ ನೋಡಿ, "ಇದು ಹರೇಕಳ ಮಾರಾಯ್ರೇ, ಸಂಶಯವೇ ಬೇಡ" ಅಂದರು. ಬೆಳ್ತಂಗಡಿಯಲ್ಲಿ ಕೇಳಿದರೆ, "ಇದು ಘಟ್ಟದ್ದು, ಚಾರ್ಮಾಡಿ ಇಳಿದು ಬಂದದ್ದು." ಮೂಡುಬಿದಿರೆಯಲ್ಲಿ ಇನ್ನೊಬ್ಬರು ಅಷ್ಟೇ ಧೈರ್ಯದಿಂದ "ಕುಮಟೆ" ಅಂದರು. ಮೂರು ಪೇಟೆ, ಮೂರು ಹೆಸರು. ಒಂದೇ ಮೆಣಸು!

ಮನೆಗೆ ಬಂದು ಯೋಚಿಸುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ಬಂಟ್ವಾಳ ನೇತ್ರಾವತಿಯ ಪೇಟೆ. ರಸ್ತೆಗಳು ಸರಿಯಾಗುವ ಮೊದಲು ಮಂಗಳೂರಿನ ಜೊತೆಗಿನ ವ್ಯಾಪಾರವೆಲ್ಲ ದೋಣಿಯಲ್ಲಿ. ಹರೇಕಳ ಇರುವುದು ಅದೇ ನದಿಯ ದಕ್ಷಿಣ ದಡದಲ್ಲಿ, ಅಡ್ಯಾರಿನ ಎದುರು (ಹೌದು, ಕಿತ್ತಳೆ ಮಾರಿ ಶಾಲೆ ಕಟ್ಟಿಸಿದ ಹಾಜಬ್ಬರ ಊರೇ). ಬೆಳ್ತಂಗಡಿಯವರಿಗೆ ದಾರಿ ಚಾರ್ಮಾಡಿ ಘಾಟಿಯದ್ದು, ಹಾಗಾಗಿ ಅವರ ಮೆಣಸು ಘಟ್ಟದಿಂದ ಇಳಿಯಿತು. ಅಂದರೆ ಅವರು ಹೇಳಿದ್ದು ಮೆಣಸಿನ ಹೆಸರನ್ನಲ್ಲ, ತಮ್ಮ ಪೇಟೆಗೆ ಮೆಣಸು ಬರುತ್ತಿದ್ದ ದಾರಿಯನ್ನು!

ಕಾಕತಾಳೀಯ ನೋಡಿ, 1801ರಲ್ಲಿ ಫ್ರಾನ್ಸಿಸ್ ಬುಕನನ್ ಮಂಗಳೂರಿನಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಹಾದು ಕಾರ್ಕಳಕ್ಕೆ ಹೋದದ್ದು ಇದೇ ಕ್ರಮದಲ್ಲಿ. ಅವನು ಕಂಪೆನಿ ಸರಕಾರಕ್ಕಾಗಿ ಬೆಳೆ, ತೆರಿಗೆ ಎಲ್ಲ ಬರೆದುಕೊಂಡು ಹೋದ. ನಾನು ಕಾಗದದಲ್ಲಿ ಎರಡು ಮೆಣಸು ಸುತ್ತಿಕೊಂಡು ಬಸ್ಸಿನಲ್ಲಿ ಹೋದೆ :)

ಹೆಸರಿನ ಗೊಂದಲ ಇಂದು ನಿನ್ನೆಯದಲ್ಲ. ಮೆಣಸಿನಕಾಯಿ ನಮ್ಮದಲ್ಲವೇ ಅಲ್ಲ. ಅದರ ತವರು ಅಮೆರಿಕ ಖಂಡ. 1492ರ ಕೊಲಂಬಸನ ಪ್ರಯಾಣದ ನಂತರ ಅದು ಹೊರಗಿನ ಲೋಕಕ್ಕೆ ಗೊತ್ತಾಯಿತು, ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಅವರು ಬಂದದ್ದೇ ಕರಿಮೆಣಸಿಗಾಗಿ ಅನ್ನುವುದು ತಮಾಷೆ. ಮೂರನೇ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದದ್ದು 1508ರ ಸುಮಾರಿಗೆ. ಅಂಥ ಹಳೆಯ ಪಾಕಗ್ರಂಥಗಳಲ್ಲಿ ಮೆಣಸು ಅಂದರೆ ಕರಿಮೆಣಸು ಮಾತ್ರ. ಹಸಿರಾಗಿದ್ದು ಆಮೇಲೆ ಕೆಂಪಾಗುವ ಮೆಣಸಿನಕಾಯಿಯ ಮೇಲೆ ಪುರಂದರದಾಸರ ಹೆಸರಿನಲ್ಲಿ ಒಂದು ಹಾಡು ಪ್ರಚಲಿತವಿದೆ. ಅದು ಅವರದ್ದೇ ಆದರೆ, 1564ಕ್ಕೆ ಮೊದಲೇ ಮೆಣಸಿನಕಾಯಿ ಇಲ್ಲಿ ಪರಿಚಿತವಾಗಿತ್ತು ಎಂದಾಯಿತು.

ಯುರೋಪಿನವರೂ ಎಡವಿದ್ದಾರೆ. 1542ರಲ್ಲಿ ಜರ್ಮನಿಯ ಲಿಯೊನ್‌ಹಾರ್ಟ್ ಫುಕ್ಸ್ ತನ್ನ ಸಸ್ಯಗ್ರಂಥದಲ್ಲಿ ಇದನ್ನು 'ಕಲ್ಲಿಕೋಟೆಯ ಮೆಣಸು' ಎಂದು ಕರೆದ! ಅಮೆರಿಕದ ಗಿಡಕ್ಕೆ ಮಲಬಾರಿನ ಹೆಸರು. ಮಲಬಾರಿನವರು ಅದನ್ನೇ 'ಕಪ್ಪಲ್ ಮುಳಗು' ಅಂದರು, ಹಡಗಿನ ಮೆಣಸು. ಅವರು ಹೇಳಿದ್ದೂ ಬಂದ ದಾರಿಯನ್ನೇ.

ನಮ್ಮಲ್ಲಿ ಆದದ್ದು ಬೇರೆ. ಹೊಸಬ ಬಂದು ಹಳಬನ ಹೆಸರನ್ನೇ ತೆಗೆದುಕೊಂಡ. ತುಳುವಿನಲ್ಲಿ ಈಗ 'ಮುಂಚಿ' ಅಂದರೆ ಮೆಣಸಿನಕಾಯಿ. ಕರಿಮೆಣಸಿಗೆ 'ಎಡ್ಡೆ ಮುಂಚಿ', ನಮ್ಮ ಕನ್ನಡದಲ್ಲಿ 'ಒಳ್ಳೆಮೆಣಸು'. ಮೊದಲಿನಿಂದ ಇದ್ದವನು 'ಒಳ್ಳೆಯವನು' ಎಂಬ ಪ್ರಮಾಣಪತ್ರ ಹಿಡಿದುಕೊಂಡು ಓಡಾಡಬೇಕಾಯಿತು! ಶ್ರಾದ್ಧದ ಅಡುಗೆಗೆ ಮಾತ್ರ ನಮ್ಮ ಮನೆಯಲ್ಲಿ ಈಗಲೂ ಒಣಮೆಣಸು ಇಲ್ಲ, ಒಳ್ಳೆಮೆಣಸೇ. ಪಿತೃಗಳಿಗೆ ಪರಿಚಯವಿಲ್ಲದ ವಸ್ತು ಬಡಿಸಬಾರದು ಅಂತಲೋ ಏನೋ.

ಸರಿ, ಡಬ್ಬದ ಮೆಣಸಿಗೆ ಬರೋಣ. ಲೋಕದಲ್ಲಿ ಕೃಷಿ ಮಾಡುವ ಮೆಣಸಿನ ಜಾತಿಗಳು ಮುಖ್ಯವಾಗಿ ಐದು. ಬ್ಯಾಡಗಿ ಸೇರುವುದು 'ಕ್ಯಾಪ್ಸಿಕಂ ಆನುಅಂ' ಜಾತಿಗೆ. ಗಾಂಧಾರಿ ಅಥವಾ ಜೀರಿಗೆ ಮೆಣಸು 'ಫ್ರುಟೆಸೆನ್ಸ್'. ಬಣ್ಣ, ಖಾರ ನೋಡಿ ಜಾತಿ ಹೇಳುವ ಹಾಗಿಲ್ಲ. ಬಣ್ಣ ಕೊಡುವ ವಸ್ತುವೇ ಬೇರೆ, ಖಾರ ಕೊಡುವ ಕ್ಯಾಪ್ಸೈಸಿನ್ ಬೇರೆ. ಅದಕ್ಕೇ ಬ್ಯಾಡಗಿ ಅಷ್ಟು ಕೆಂಪಾದರೂ ಖಾರ ಕಡಿಮೆ. ಅಂದಹಾಗೆ ಖಾರ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡ ಬಿಳಿ ತಿರುಳಿನಲ್ಲಿ. ಜಾತಿ ತಿಳಿಯಬೇಕಾದರೆ ಹೂವು ನೋಡಬೇಕು. ಹೂವು ನೋಡಬೇಕಾದರೆ ಬೀಜ ಮೊಳೆಯಬೇಕು. ಮೆಣಸಿನ ಬೀಜದ ಜೀವ ಸಾಮಾನ್ಯವಾಗಿ ಎರಡು ಮೂರು ವರ್ಷ. ಅಜ್ಜಿ ಹೋಗಿಯೇ ನಾಲ್ಕು ಆಗಿತ್ತು...

ದೀಪಾವಳಿ ಕಳೆದ ಮೇಲೆ ಐದು ಮೆಣಸಿನ ಬೀಜ ತೆಗೆದು ಕುಂಡಗಳಲ್ಲಿ ಹಾಕಿದೆ. ಹತ್ತು ದಿನ, ಹದಿನೈದು ದಿನ, ಏನೂ ಇಲ್ಲ. ಅಮ್ಮ ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದಳು, ನನ್ನಲ್ಲಿ ಏನೂ ಹೇಳುತ್ತಿರಲಿಲ್ಲ. ಇಪ್ಪತ್ತನೇ ದಿನಕ್ಕೆ ಮೂರು ಮೊಳಕೆ ಕಂಡಿತು. ಅಟ್ಟದ ಹೊಗೆಯೋ, ಡಬ್ಬದ ಬೂದಿಯೋ, ಯಾವುದೋ ಒಂದು ಕಾಪಾಡಿತ್ತು. ಮೂರರಲ್ಲಿ ಒಂದು ಎಲೆ ಮುರುಟಿ ಸತ್ತಿತು. ಎರಡು ಉಳಿದವು.

ಜನವರಿಯಲ್ಲಿ ಹೂ ಬಿಟ್ಟಿತು. ಅಚ್ಚ ಬಿಳಿ, ಗೆಣ್ಣಿಗೆ ಒಂದೇ ಒಂದು. ಕಾಯಿ ಕೆಳಮುಖ. ಇದು ಆನುಅಂ. ಗಾಂಧಾರಿಯಾಗಿದ್ದರೆ ಹೂವಿಗೆ ಹಸಿರು ಛಾಯೆ, ಕಾಯಿ ಆಕಾಶ ನೋಡಬೇಕಿತ್ತು. ಜಾತಿ ಸಿಕ್ಕಿತು. ತಳಿ?

ಅದನ್ನು ಹೇಳಿದವರು ಅಜ್ಜಿಮನೆಯ ನೆರೆಯ ಒಬ್ಬ ಮುದುಕಿ. ಹಿಂದೆ ನಮ್ಮ ಗದ್ದೆಯಲ್ಲೇ ನೇಜಿ ನೆಟ್ಟವರು. ಕಾಯಿಯನ್ನು ಅಂಗೈಯಲ್ಲಿಟ್ಟು ನಕ್ಕರು. "ಉಂದು ಅಂಗಡಿದ ಮುಂಚಿ ಅತ್ತ್, ಕಂಡೊದ ಮುಂಚಿ." ಇದು ಅಂಗಡಿಯ ಮೆಣಸಲ್ಲ, ಗದ್ದೆಯ ಮೆಣಸು. ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಮನೆಖರ್ಚಿಗೆ ಬೇಕಾದಷ್ಟು ನೆಡುವುದು, ಬೀಜ ಎತ್ತಿಡುವುದು. ಯಾರೂ ಮಾರಲಿಲ್ಲ, ಯಾರೂ ಕೊಳ್ಳಲಿಲ್ಲ.

ಆಗ ನನಗೆ ಪೂರ್ತಿ ಅರ್ಥವಾಯಿತು. ಬ್ಯಾಡಗಿ ಅಂದರೆ ಮಾರುಕಟ್ಟೆ. ಕುಮಟೆ ಅಂದರೆ ಬಂದರು. ಗುಂಟೂರು ಮತ್ತೊಂದು ಮಾರುಕಟ್ಟೆ. ಹೆಸರು ಬೇಕಾಗುವುದು ಮಾರುವಾಗ. ಗದ್ದೆಯಿಂದ ಅಟ್ಟಕ್ಕೆ, ಅಟ್ಟದಿಂದ ಅರೆಯುವ ಕಲ್ಲಿಗೆ ಹೋದ ಮೆಣಸಿಗೆ ಹೆಸರು ಯಾಕೆ? ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು, ಸಂತೋಷ. ಹೆಸರೇ ಇಲ್ಲದ್ದಕ್ಕೆ ಯಾರು ಅರ್ಜಿ ಹಾಕುತ್ತಾರೆ? ನಮ್ಮ ಆ ಗದ್ದೆಯಲ್ಲಿ ಈಗ ಅಡಿಕೆ ತೋಟ. ಬಂಟ್ವಾಳ, ಬೆಳ್ತಂಗಡಿಯ ಎಷ್ಟೋ ಗದ್ದೆಗಳ ಕತೆ ಇದೇ. ಗದ್ದೆ ಹೋದಾಗ ಅದರ ಮೆಣಸೂ ಹೋಯಿತು, ಹೆಸರಿಲ್ಲದ ಕಾರಣ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ.

ಎರಡು ಗಿಡಗಳನ್ನೂ ಬೇರೆ ಮೆಣಸಿನ ಗಿಡಗಳಿಂದ ದೂರ ಇಟ್ಟಿದ್ದೆ, ಜೇನುನೊಣ ಪರಾಗ ಬೆರೆಸಿದರೆ ತಳಿ ಕೆಡುತ್ತದೆ. ಮಾರ್ಚ್‌ನಲ್ಲಿ ಕಾಯಿ ಕೆಂಪಾಯಿತು. ಕೊಯ್ದು ಅಂಗಳದಲ್ಲಿ ಹರಡಿದಾಗ ನನಗೆ ಮೆಣಸ್ಕಾಯಿಯ ಆಸೆ. ಅಮ್ಮ ಒಪ್ಪಲಿಲ್ಲ. "ಈ ವರ್ಷ ಅರೆಯುವುದು ಬೇಡ, ಎಲ್ಲಾ ಬೀಜಕ್ಕೆ" ಅಂದವಳು ಒಲೆಯಿಂದ ಬೂದಿ ತರಲಿಕ್ಕೆ ಹೋದಳು.

ನಿಮ್ಮ ಅಟ್ಟದಲ್ಲೂ ಒಂದು ಡಬ್ಬ ಇರಬಹುದು. ಮನೆ ಬಿಚ್ಚುವ ಮೊದಲು ಒಮ್ಮೆ ನೋಡಿ.