ವೇತನಲೇಖಗಳಿಂದ ವೈದ್ಯಪರೀಕ್ಷೆ

ಪಾಲಾರು, ವೇಗವತಿ, ಚೆಯ್ಯಾರು ಎಂಬ ಮೂರು ಹೊಳೆಗಳು ಕೂಡುವ ತಿರುಮುಕ್ಕೂಡಲು ಕ್ಷೇತ್ರದ ದೇವಾಲಯದಲ್ಲಿ ಚೋಳ ವೀರರಾಜೇಂದ್ರನ ಕಾಲದ, ಎಂದರೆ ಕ್ರಿ. ಶ. 11ನೆಯ ಶತಮಾನದ, ಒಂದು ದೀರ್ಘವಾದ ತಮಿಳು ಶಾಸನವಿರುವುದು ವಿದ್ವಾಂಸರಿಗೆ ತಿಳಿದ ವಿಷಯವೇ ಆಗಿದೆ. ಅದರಲ್ಲಿ ದೇವಾಲಯಕ್ಕೆ ಸೇರಿದ ಆತುರಶಾಲೆಯೊಂದರ ವೆಚ್ಚವೆಲ್ಲವೂ ಲಿಖಿತವಾಗಿರುವುದು. ಹಾಸಿಗೆಗಳು 15, ಚಿಕಿತ್ಸೆ ಮಾಡುವ ಕೋದಂಡರಾಮ ಅಶ್ವತ್ಥಾಮಭಟ್ಟನೆಂಬ ವೈದ್ಯನಿಗೆ ವರ್ಷಕ್ಕೆ 90 ಕಲಂ ಭತ್ತ ಮತ್ತು 8 ಕಾಸು, ಶಲ್ಯಕ್ರಿಯೆ ಮಾಡುವವನಿಗೆ 30 ಕಲಂ, ಮೂಲಿಕೆ ತರುವವರಿಗೆ, ರೋಗಿಗಳನ್ನು ನೋಡಿಕೊಳ್ಳುವ ಹೆಂಗಸರಿಗೆ ಬೇರೆ ಬೇರೆ ಪಾಲು, ವರ್ಷಕ್ಕೆ ಸಂಗ್ರಹಿಸಿಡಬೇಕಾದ ಔಷಧಗಳ ಪಟ್ಟಿ. ಒಬ್ಬ ವೈದ್ಯನಿಗೆ ಸಲ್ಲುವ ಸಂಬಳವನ್ನು ಊರಿನವರೆಲ್ಲರೂ ಓದುವಂತೆ ಕಲ್ಲಿನಲ್ಲಿ ಕೊರೆದಿಟ್ಟಿರುವುದು ಸಾಮಾನ್ಯವಾದ ಸಂಗತಿಯಲ್ಲ.

ಆದರೆ ಈ ಶಾಸನವನ್ನು ಎಷ್ಟು ಸಲ ಓದಿದರೂ ಅಶ್ವತ್ಥಾಮಭಟ್ಟನು ಒಳ್ಳೆಯ ವೈದ್ಯನಾಗಿದ್ದನೇ ಎಂಬ ಪ್ರಶ್ನೆಗೆ ಉತ್ತರವು ದೊರೆಯದು. ಶಲ್ಯವೈದ್ಯನಿಗಿಂತ ಅವನಿಗೆ ಮೂರು ಪಾಲು ಹೆಚ್ಚು ಭತ್ತವು ಸಲ್ಲುತ್ತಿದ್ದಿತೆಂಬುದು ನಿಶ್ಚಯ. ಅದರಿಂದ ಅವನು ಮೂರು ಪಾಲು ಹೆಚ್ಚು ಸಮರ್ಥನೆಂದು ಯಾವ ಪ್ರಾಜ್ಞನೂ ಹೇಳನು. ಹಾಗಾದರೆ ವೈದ್ಯನಿಗೆ ಸಂದ ದ್ರವ್ಯದ ಲೆಕ್ಕದಿಂದ ಅವನ ವಿಷಯದಲ್ಲಿ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದೇ ಪ್ರಕೃತ ಲೇಖನದ ವಿಚಾರ. ಇದು ಹಳೆಯ ಶಾಸನಗಳಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆಂದು ವಾಚಕರು ಭಾವಿಸಬಾರದು.

ಅಮೆರಿಕಾ ದೇಶದ ಸರ್ಕಾರವು ವೃದ್ಧರ ಚಿಕಿತ್ಸೆಗಾಗಿ ನಡೆಯಿಸುವ ಮೆಡಿಕೇರ್ ಎಂಬ ಯೋಜನೆಯಲ್ಲಿ ಪ್ರತಿಯೊಬ್ಬ ವೈದ್ಯನಿಗೂ ಎಷ್ಟು ಹಣ ಸಂದಿತೆಂಬ ಲೆಕ್ಕವನ್ನು ಪ್ರಕಟಿಸಕೂಡದೆಂದು 1979ರಲ್ಲಿ ಫ್ಲಾರಿಡಾ ಪ್ರಾಂತದ ನ್ಯಾಯಾಲಯವೊಂದು ತಡೆಯಾಜ್ಞೆ ಮಾಡಿದ್ದಿತು. 2013ರಲ್ಲಿ ಆ ತಡೆಯು ತೆರವಾಯಿತು. 2014ರ ಏಪ್ರಿಲ್ ತಿಂಗಳಲ್ಲಿ 8 ಲಕ್ಷ 80 ಸಾವಿರಕ್ಕೂ ಮೇಲ್ಪಟ್ಟ ವೈದ್ಯಾದಿಗಳ ಹೆಸರು, ಅವರು 2012ನೆಯ ವರ್ಷದಲ್ಲಿ ಮಾಡಿದ ಕ್ರಿಯೆಗಳ ಸಂಖ್ಯೆ, ಸಂದ ಹಣ ಇವೆಲ್ಲವೂ ಬಹಿರಂಗವಾದುವು. ಮರುದಿನವೇ ಪತ್ರಿಕೆಗಳಲ್ಲಿ ಅತ್ಯಧಿಕ ಧನ ಪಡೆದವರ ಪಟ್ಟಿಯು ಅಚ್ಚಾಯಿತು. ಅದರ ಶಿರೋಭಾಗದಲ್ಲಿ, 2 ಕೋಟಿ ಡಾಲರಿಗೂ ಹೆಚ್ಚು ಹಣ ಪಡೆದ ಒಬ್ಬ ನೇತ್ರವೈದ್ಯನಿದ್ದನು. ಆ ಹಣದ ಬಹುಭಾಗವು ಕಣ್ಣಿಗೆ ಚುಚ್ಚುವ ದುಬಾರಿಯಾದ ಔಷಧದ ಬೆಲೆಯೆಂದು ಅವನ ಕಡೆಯವರು ಹೇಳಿದರು. ಮಾತು ಸುಳ್ಳಲ್ಲ, ಆದರೂ 2017ರಲ್ಲಿ ಸುಳ್ಳುಲೆಕ್ಕ ಕೊಟ್ಟ ಅಪರಾಧವು ಅವನ ಮೇಲೆ ಸಿದ್ಧವಾಯಿತು. ಅದೇ ಪಟ್ಟಿಯಲ್ಲಿ ಪ್ರಸಿದ್ಧವಾದ ವೈದ್ಯಸಂಸ್ಥೆಯೊಂದರ ಪ್ರಯೋಗಶಾಲೆಯ ಮುಖ್ಯಸ್ಥನೂ ಇದ್ದನು. ಆ ಶಾಲೆಯಲ್ಲಿ ನಡೆದ ಪರೀಕ್ಷೆಗಳ ಲೆಕ್ಕವೆಲ್ಲ ಅವನೊಬ್ಬನ ಹೆಸರಿನಲ್ಲಿ ಬರೆಯಲ್ಪಡುತ್ತಿದ್ದುದೇ ಇದಕ್ಕೆ ಕಾರಣ. ಒಂದೇ ಪಟ್ಟಿಯಲ್ಲಿ ಅಪರಾಧಿಯೂ ನಿರಪರಾಧಿಯೂ ಅಕ್ಕಪಕ್ಕದಲ್ಲಿ ನಿಂತಿದ್ದರು. ಸಂಖ್ಯೆಗಳು ಇಬ್ಬರ ಭೇದವನ್ನು ತೋರಿಸಲಿಲ್ಲ.

ಶಾಸನಗಳನ್ನು ಓದಿ ಅಭ್ಯಾಸವಿರುವವರಿಗೆ ಈ ಎರಡನೆಯ ತೊಡಕು ಹೊಸತಲ್ಲ. ಬಳ್ಳಿಗಾವೆಯ ಕೇದಾರೇಶ್ವರ ಸ್ಥಾನದ ಕೋಡಿಯ ಮಠವನ್ನು ವರ್ಣಿಸುವ ಕ್ರಿ. ಶ. 1162ರ ಶಾಸನದಲ್ಲಿ ಅಲ್ಲಿ ಅನಾಥರಾದ ರೋಗಿಗಳಿಗೆ ಔಷಧೋಪಚಾರವು ನಡೆಯುತ್ತಿದ್ದಿತೆಂದಿದೆ. ಸಾಹಿತ್ಯ, ವ್ಯಾಕರಣ, ದರ್ಶನಗಳ ಅಧ್ಯಯನದೊಡನೆ ಚಿಕಿತ್ಸೆಯನ್ನೂ ಹೇಳಿರುವುದರಿಂದ ಕನ್ನಡನಾಡಿನ ವೈದ್ಯಚರಿತ್ರೆಗೆ ಇದು ಮುಖ್ಯವಾದ ಆಧಾರ. ಆದರೆ ಅಲ್ಲಿ ಮೆರೆಯುವ ಹೆಸರು ಮಠದ ಆಚಾರ್ಯನಾದ ವಾಮಶಕ್ತಿಯದು. ರೋಗಿಯ ಕೈ ಹಿಡಿದು ನಾಡಿ ನೋಡಿದವನ ಹೆಸರು ಅಲ್ಲಿಲ್ಲ. ದತ್ತಿಯು ಯಾರ ಹೆಸರಿನಲ್ಲಿದೆಯೋ ಅವನೇ ಕೆಲಸ ಮಾಡಿದವನೆಂದು ತಿಳಿಯುವುದು ಶಾಸನವಾಚನದಲ್ಲಿ ಎಳಸು ವಿದ್ಯಾರ್ಥಿಗಳು ಮಾಡುವ ತಪ್ಪು. ಅದನ್ನೇ ಅಮೆರಿಕಾದ ಪತ್ರಿಕೆಗಳೂ ಮಾಡಿದುವು.

ಇನ್ನು ಶಾಸ್ತ್ರವು ಏನು ಹೇಳುವುದೆಂಬುದನ್ನು ನೋಡೋಣ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವೈದ್ಯನಿಗೆ ನಾಲ್ಕು ಗುಣಗಳನ್ನು ವಿಧಿಸಿದೆ: ಶಾಸ್ತ್ರದಲ್ಲಿ ಪರಿಶುದ್ಧವಾದ ಜ್ಞಾನ, ಅನೇಕಾವರ್ತಿ ಕರ್ಮವನ್ನು ಕಂಡಿರುವಿಕೆ, ದಕ್ಷತೆ, ಶುಚಿತ್ವ. ಇವುಗಳಲ್ಲಿ ಎರಡನೆಯದಾದ ದೃಷ್ಟಕರ್ಮತೆಯೊಂದು ಮಾತ್ರ ಲೆಕ್ಕದ ಪುಸ್ತಕದಲ್ಲಿ ಕಾಣಿಸಿಕೊಳ್ಳಬಲ್ಲುದು. ಶಸ್ತ್ರವೈದ್ಯನೊಬ್ಬನು ವರ್ಷದಲ್ಲಿ ಒಂದು ಕ್ರಿಯೆಯನ್ನು ಇನ್ನೂರು ಬಾರಿ ಮಾಡಿದನೇ, ಎರಡು ಬಾರಿ ಮಾಡಿದನೇ ಎಂಬುದನ್ನು ರೋಗಿಯು ತಿಳಿಯಬೇಕಾದುದು ನ್ಯಾಯ, ಅದನ್ನು ಬಿಲ್ಲುಗಳ ಲೆಕ್ಕವು ಹೇಳುವುದು. ಈ ಒಂದು ಪ್ರಯೋಜನವನ್ನು ನಾನು ಅಲ್ಪವೆಂದು ಎಣಿಸುವುದಿಲ್ಲ. ಉಳಿದ ಮೂರು ಗುಣಗಳ ವಿಷಯದಲ್ಲಿ ಲೆಕ್ಕವು ಮೂಕ. ಅದೇ ಗ್ರಂಥದಲ್ಲಿ ಭಾಂಡ, ಔಷಧ, ಪುಸ್ತಕಗಳನ್ನು ಹರಡಿಕೊಂಡು ವೈದ್ಯನಂತೆ ತೋರುವವನನ್ನು ಛದ್ಮಚರನೆಂದೂ, ಸಂಪತ್ತು ಕೀರ್ತಿಗಳುಳ್ಳವರ ಸಂಸರ್ಗದಿಂದ ಹೆಸರು ಗಳಿಸಿದವನನ್ನು ಸಿದ್ಧಸಾಧಿತನೆಂದೂ ಬೇರೆಯಾಗಿ ಎಣಿಸಿದೆ. ಹಣದ ಪಟ್ಟಿಯಲ್ಲಿ ಈ ಇಬ್ಬರೂ ನಿಜವಾದ ವೈದ್ಯನಿಗಿಂತ ಮೇಲೆ ನಿಂತಾರು.

ಕಣ್ಣಿಗೆ ಬೀಳದ ಇನ್ನೊಂದು ಕಷ್ಟವುಂಟು. ಅಸಾಧ್ಯವಾದ ರೋಗವನ್ನು ಕೈಗೆತ್ತಿಕೊಂಡ ವೈದ್ಯನಿಗೆ ಅರ್ಥ, ವಿದ್ಯೆ, ಯಶಸ್ಸುಗಳ ಹಾನಿಯಾಗುವುದೆಂದು ಚರಕನೇ ಎಚ್ಚರಿಸಿರುವನು. ಆದುದರಿಂದ ಗುಣವಾದವರು ಎಷ್ಟು, ಸತ್ತವರು ಎಷ್ಟು ಎಂಬ ಲೆಕ್ಕದಿಂದ ವೈದ್ಯನನ್ನು ಅಳೆಯತೊಡಗಿದರೆ ಅವನು ಸಾಯುವಂತಿರುವ ರೋಗಿಯನ್ನು ಬಾಗಿಲಿನಲ್ಲಿಯೇ ತಿರುಗಿಸಿ ಕಳುಹಿಸುವನು. ನ್ಯೂಯಾರ್ಕ್ ಪ್ರಾಂತದಲ್ಲಿ ಹೃದಯದ ಶಸ್ತ್ರಕ್ರಿಯೆ ಮಾಡುವ ವೈದ್ಯರ ಹೆಸರಿನೊಡನೆ ಮೃತರ ಪ್ರಮಾಣವನ್ನು, ಒಂದು ವೃತ್ತಪತ್ರಿಕೆಯು ಹೂಡಿದ ದಾವೆಯ ಫಲವಾಗಿ, 1991ರಿಂದ ಪ್ರಕಟಿಸತೊಡಗಿದಾಗ ಇದೇ ಆಕ್ಷೇಪವು ಹುಟ್ಟಿತು. ರೋಗಿಯ ಪೂರ್ವಸ್ಥಿತಿಯನ್ನು ಗಣನೆಗೆ ತಂದುಕೊಂಡು ಸಂಖ್ಯೆಯನ್ನು ತಿದ್ದುವ ಕ್ರಮವನ್ನು ಅವರು ಇಟ್ಟುಕೊಂಡಿದ್ದರೂ ಆಕ್ಷೇಪವು ಪೂರ್ತಿಯಾಗಿ ನಿಲ್ಲಲಿಲ್ಲ.

ಇಲ್ಲಿ ಕೌಟಿಲ್ಯನ ಸೂಕ್ಷ್ಮತೆಯನ್ನು ಸ್ಮರಿಸಬೇಕು. ಮೈಸೂರಿನ ಪ್ರಾಚ್ಯಪುಸ್ತಕಾಲಯದಲ್ಲಿ ದೊರೆತು 1909ರಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಅಚ್ಚಿಗೆ ಬಂದ ಅರ್ಥಶಾಸ್ತ್ರದ ಕಂಟಕಶೋಧನಾಧಿಕರಣದಲ್ಲಿ, ಪ್ರಾಣಾಪಾಯವುಳ್ಳ ರೋಗವನ್ನು ಮೊದಲು ತಿಳಿಸದೆ ಚಿಕಿತ್ಸೆ ಮಾಡಿದ ವೈದ್ಯನ ಕೈಯಲ್ಲಿ ರೋಗಿಯು ಸತ್ತರೆ ಪೂರ್ವಸಾಹಸದಂಡವನ್ನೂ, ಚಿಕಿತ್ಸೆಯ ದೋಷದಿಂದಲೇ ಸತ್ತರೆ ಮಧ್ಯಮದಂಡವನ್ನೂ ವಿಧಿಸಿದೆ. ಮೊದಲೇ ತಿಳಿಸಿ, ದೋಷವಿಲ್ಲದೆ ಮಾಡಿದವನಿಗೆ ದಂಡವಿಲ್ಲವೆಂಬುದು ಅರ್ಥಾಪತ್ತಿಯಿಂದ ಸಿದ್ಧಿಸುತ್ತದೆ. ಎಂದರೆ ಮರಣವಾಯಿತೆಂಬ ಒಂದು ಸಂಗತಿಯಿಂದಲೇ ವೈದ್ಯನನ್ನು ದೂಷಿಸದೆ, ರೋಗವು ಮೊದಲು ಎಂತಿದ್ದಿತು, ತಪ್ಪು ಎಲ್ಲಿ ನಡೆಯಿತು ಎಂಬುದನ್ನು ವಿಂಗಡಿಸಿ ನೋಡುವ ನ್ಯಾಯವು ಇದು. ಲೆಕ್ಕಪತ್ರಗಳ ಅಕ್ಷಪಟಲಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ ಗ್ರಂಥಕಾರನು ವೈದ್ಯಪರೀಕ್ಷೆಯನ್ನು ಅಕ್ಷಪಟಲಕ್ಕೆ ಒಪ್ಪಿಸಲಿಲ್ಲವೆಂಬುದು ನನಗೆ ಅರ್ಥವತ್ತಾಗಿ ತೋರುತ್ತದೆ.

ನಮ್ಮ ರಾಜ್ಯದ ಸ್ಥಿತಿಯನ್ನು ಕುರಿತು ಕೆಲವು ಮಾತು. ಸಹಕಾರಸಂಘಗಳ ರೈತರಿಗಾಗಿ 2003ರಲ್ಲಿ ಯಶಸ್ವಿನಿ ಯೋಜನೆಯೂ, 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಮೊದಲಾಗಿ ವಾಜಪೇಯಿ ಆರೋಗ್ಯಶ್ರೀಯೂ, 2018ರಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವೂ ಆರಂಭವಾದುವು. ಇವುಗಳಲ್ಲಿ ಒಂದೊಂದು ಚಿಕಿತ್ಸೆಗೆ ಗೊತ್ತಾದ ದರವಿದ್ದು ಹಣವು ಆಸ್ಪತ್ರೆಗೆ ಸಲ್ಲುವುದು; ಮತ್ತೆ ವಾಮಶಕ್ತಿಯ ಹೆಸರೇ ಹೊರತು ವೈದ್ಯನದಲ್ಲ. ಆರೋಗ್ಯಶ್ರೀಯಿಂದ ಜನರಿಗೆ ಗುಣವಾಯಿತೇ ಎಂದು ಪರೀಕ್ಷಿಸಿದ ವಿದ್ವಾಂಸರು, 2014ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ, ಯೋಜನೆಯ ಎಲ್ಲೆಯ ಎರಡು ಮಗ್ಗುಲಲ್ಲಿದ್ದ 572 ಗ್ರಾಮಗಳನ್ನು ಹೋಲಿಸಿ, ಯೋಜನೆಗೆ ಒಳಪಟ್ಟ ರೋಗಗಳಿಂದ ಸತ್ತ ಬಡವರ ಪ್ರಮಾಣವು ಈಚೆ ಶೇಕಡಾ 0.32, ಆಚೆ ಶೇಕಡಾ 0.90 ಎಂದು ತೋರಿಸಿದರು. ಗಮನಿಸಬೇಕಾದುದೇನೆಂದರೆ, ಅವರು ಇದನ್ನು ಬಿಲ್ಲುಗಳಿಂದ ತಿಳಿಯಲಿಲ್ಲ. ಮನೆಮನೆಗೆ ಹೋಗಿ ಕೇಳಿಸಿ ತಿಳಿದರು.

ಬಿಲ್ಲುಗಳಿಂದ ತಿಳಿಯಬಹುದಾದುದು ಬೇರೊಂದು ಜಾತಿಯದು. ಅವಶ್ಯವಿಲ್ಲದ ಗರ್ಭಕೋಶಚ್ಛೇದಗಳು ಬಿಹಾರ, ಛತ್ತೀಸಗಢ ಮೊದಲಾದೆಡೆ ನಡೆದುವೆಂಬ ಕೂಗು 2012ರ ಸುಮಾರಿಗೆ ಎದ್ದಾಗ, ಒಂದೊಂದು ಆಸ್ಪತ್ರೆಯು ಅಂತಹ ಎಷ್ಟು ಕ್ರಿಯೆಗಳಿಗೆ ಹಣ ಪಡೆಯಿತೆಂಬ ಎಣಿಕೆಯೇ ಸಂಶಯಕ್ಕೆ ಬಲ ಕೊಟ್ಟಿತು. ನಮ್ಮ ಕಲಬುರಗಿಯ ತಾಂಡಾಗಳ ಹೆಂಗಸರೂ ಇದೇ ದುಃಖವನ್ನು ತೋಡಿಕೊಂಡರು. 2023ರ ಏಪ್ರಿಲ್ 5ರಂದು ಸರ್ವೋಚ್ಚ ನ್ಯಾಯಾಲಯವು ಇಂತಹ ಶಸ್ತ್ರಕ್ರಿಯೆಗಳ ಮೇಲ್ವಿಚಾರಣೆಯ ನಿಯಮಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಆಜ್ಞಾಪಿಸಿತು. ಇಲ್ಲಿ ಲೆಕ್ಕವು ದೀಪದಂತೆ ಸಹಾಯಕವಾಯಿತೆನ್ನಬೇಕು. ಆದರೆ ತೀರ್ಮಾನಕ್ಕೆ ಆ ಹೆಂಗಸರ ಮಾತು ಬೇಕಾಯಿತು.

ಈ ವಿಚಾರವನ್ನು ನಾನು ಕೈಕೊಳ್ಳಲು ಸ್ವಂತದ್ದಾದ ಒಂದು ಕಾರಣವುಂಟು. ಎರ್ಮಾಳಿನ ನಮ್ಮ ಮನೆಯ ಅಟ್ಟದಲ್ಲಿ ಅಜ್ಜನವರ ಕೈಬರಹದ ಲೆಕ್ಕದ ಪುಸ್ತಕಗಳಿವೆ. ವಿಕ್ರಮ ಸಂವತ್ಸರದ, ಎಂದರೆ 1940-41ರ, ಪುಸ್ತಕದಲ್ಲಿ ಪಕ್ಕದ ಊರಿನ ಒಬ್ಬ ಪಂಡಿತರ ಹೆಸರಿನಲ್ಲಿ 23 ಬಾರಿ ಖರ್ಚು ಬಿದ್ದಿದೆ: ಒಟ್ಟು ಮೂರು ಮುಡಿ ಅಕ್ಕಿ, ಎರಡು ಕಳಸೆ ಹುರುಳಿ, ಹನ್ನೊಂದು ರೂಪಾಯಿ ಚಿಲ್ಲರೆ. ಮತ್ತೊಬ್ಬ ವೈದ್ಯರ ಹೆಸರಿನಲ್ಲಿರುವುದು ನಾಲ್ಕೇ ಬಾರಿ. 2019ರಲ್ಲಿ ಕಾಪುವಿನ ಒಂದು ಸಭೆಯಲ್ಲಿ ಹಳೆಯ ಲೆಕ್ಕಗಳ ಚಾರಿತ್ರಿಕ ಪ್ರಯೋಜನವನ್ನು ಕುರಿತು ಮಾತನಾಡುವಾಗ, ಒಬ್ಬನೇ ಮನೆವಾರ್ತೆಯಿಂದ ಮೂರು ಮುಡಿ ಅಕ್ಕಿ ಸೆಳೆದ ಆ ಪಂಡಿತರ ಲೋಭವನ್ನು ನಾನು ವಿನೋದವಾಗಿ ವರ್ಣಿಸಿದೆನು. ಸಭಿಕರು ನಕ್ಕರು. ಸಭೆಯಲ್ಲಿ ಅವರ ಮೊಮ್ಮಗನಿದ್ದುದು ನನಗೆ ತಿಳಿದಿರಲಿಲ್ಲ.

ಆ ಸಂಜೆ ಮನೆಗೆ ಬಂದಾಗ ಎಂಬತ್ತೇಳು ವರ್ಷದ ದೊಡ್ಡಮ್ಮನವರು ಸಂಗತಿಯನ್ನು ಕೇಳಿ, “ಮಾಣಿ, ಆ ವರ್ಷ ನನಗೆ ಸನ್ನಿಜ್ವರ ಬಂದಿತ್ತು. ಅವರು ಹೊತ್ತಿಗೆ ಮುಂಚೆ ನಡೆದು ಬರುತ್ತಿದ್ದರು. ಅಕ್ಕಿ ಅವರಿಗಲ್ಲವೋ, ಉಡುಪಿಯ ಮದ್ದಿನ ಸಾಮಾನಿನ ಅಂಗಡಿಗೆ. ಸಾಮಾನು ಅವರೇ ತಂದುಕೊಡುತ್ತಿದ್ದರು, ಅಪ್ಪಯ್ಯ ಅವರ ಹೆಸರಿನಲ್ಲಿ ಬರೆದಿಡುತ್ತಿದ್ದರು. ಕೈಗೆ ಏನಾದರೂ ಕೊಟ್ಟರೆ ಮಗು ಏಳಲಿ ಎನ್ನುತ್ತಿದ್ದರು” ಎಂದರು. ನಾನು ಪುಸ್ತಕವನ್ನು ಮತ್ತೆ ತೆರೆದು ನೋಡಿದೆನು. 23 ಖರ್ಚುಗಳಲ್ಲಿ 19ರ ಪಕ್ಕದಲ್ಲಿ ಸಣ್ಣದಾಗಿ ‘ಮ’ ಎಂಬ ಅಕ್ಷರವಿದೆ. ಅದನ್ನು ನಾನು ಮುಡಿಯೆಂಬುದರ ಸಂಕ್ಷೇಪವೆಂದು ಓದಿದ್ದೆನು. ಹಣದ ಖರ್ಚಿನ ಪಕ್ಕದಲ್ಲಿಯೂ ಅದೇ ಅಕ್ಷರವಿರುವುದನ್ನು ಲಕ್ಷಿಸಿರಲಿಲ್ಲ. ಮದ್ದು ಎಂದೇ ಅದನ್ನು ಓದಬೇಕು. ನಾಲ್ಕೇ ಬಾರಿ ಹೆಸರು ಬಿದ್ದಿರುವ ಮತ್ತೊಬ್ಬರು ಮೂಳೆ ಕಟ್ಟುವವರೆಂದೂ, ಆ ವರ್ಷ ನಮ್ಮ ಮನೆಯಲ್ಲಿ ಮೂಳೆ ಮುರಿದವನು ಒಬ್ಬನೇ ಆಳೆಂದೂ ದೊಡ್ಡಮ್ಮನವರಿಂದಲೇ ತಿಳಿಯಿತು.

ಪಂಡಿತರ ಮೊಮ್ಮಗನನ್ನು ಹುಡುಕಿಕೊಂಡು ಹೋಗಿ ಪುಸ್ತಕದ ಆ ಹಾಳೆಗಳನ್ನು ತೋರಿಸಿ ಬಂದೆನು. ಕಾಪುವಿನ ಸಭೆಯ ಭಾಷಣವು ಅನಂತರ ಒಂದು ಸ್ಮರಣಸಂಚಿಕೆಯಲ್ಲಿ ಅಚ್ಚಾಗಿರುವುದರಿಂದ, ಅದರಲ್ಲಿ ಆ ವೈದ್ಯರ ವಿಷಯವಾಗಿ ನಾನು ಬರೆದಿರುವ ಎರಡು ವಾಕ್ಯಗಳನ್ನು ಈ ಮೂಲಕ ಹಿಂದೆಗೆದುಕೊಂಡಿದ್ದೇನೆ.