ಕೊಯ್ದ ಮೂಗು ಮರಳಿ ಬಂದ ಬಗೆ

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಬಾರದು ಎಂಬುದೇ ಅದರ ಉತ್ತರ. ಆದರೆ ಕನ್ನಡ ನಾಡಿನ ಯುದ್ಧವೊಂದರಲ್ಲಿ ಮೂಗು ಕಳೆದುಕೊಂಡ ಒಬ್ಬ ಎತ್ತಿನ ಚಾಲಕನಿಗೆ 1793ರಲ್ಲಿ ಪುಣೆಯ ಬಳಿ ಹೊಸ ಮೂಗು ಬಂದಿತು. ಇಂದು ಜಗತ್ತಿನ ಎಲ್ಲೆಡೆ ನಡೆಯುವ ಮೂಗಿನ ಸುರೂಪಿಕಾ ಶಸ್ತ್ರಚಿಕಿತ್ಸೆಯ ಇತಿಹಾಸ ಬರೆಯುವವರು ಈ ಘಟನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮೂಗನ್ನು ಮರಳಿ ಮಾಡುವುದಷ್ಟೇ ಅಲ್ಲ, ಅದನ್ನು ಎಡಬಲ ಸರಿಸಮವಾಗಿ ಮಾಡುವುದು ಹೇಗೆ ಎಂಬ ಪ್ರಶ್ನೆಗೂ ಅಲ್ಲಿ ಒಂದು ಉತ್ತರವಿದೆ.

ಶ್ರೀರಂಗಪಟ್ಟಣದ ಕೈದಿ

ಮೂರನೆಯ ಮೈಸೂರು ಯುದ್ಧ ನಡೆದದ್ದು 1790ರಿಂದ 1792ರವರೆಗೆ. ಈ ಯುದ್ಧದಲ್ಲಿ ಫಿರಂಗಿಗಳಷ್ಟೇ ಮುಖ್ಯವಾಗಿದ್ದವು ಎತ್ತುಗಳು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದಿದ್ದರೂ ಎತ್ತುಗಳು ಸತ್ತು, ದವಸ ತೀರಿ, ತನ್ನ ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಯಿತು. ಹೀಗಾಗಿ ಶತ್ರುವಿನ ಎತ್ತಿನ ಗಾಡಿಗಳನ್ನೂ ಅವುಗಳ ಚಾಲಕರನ್ನೂ ಹಿಡಿಯುವುದು ಮೈಸೂರಿನ ಕುದುರೆ ಪಡೆಗೆ ಯುದ್ಧತಂತ್ರವೇ ಆಗಿತ್ತು.

ಹಾಗೆ ಸೆರೆಸಿಕ್ಕವರಲ್ಲಿ ಒಬ್ಬ ಕವಾಸ್‌ಜಿ. ಮರಾಠಾ ರೈತ ಜಾತಿಯವನು, ಇಂಗ್ಲಿಷ್ ಸೈನ್ಯದ ಎತ್ತಿನ ಚಾಲಕ ಎಂದು ವರದಿ ಹೇಳುತ್ತದೆ. (ಮರಾಠಾ ರೈತನಿಗೆ ಪಾರ್ಸಿಗಳಲ್ಲಿ ಕೇಳಿಬರುವ ಹೆಸರು ಹೇಗೆ ಬಂತೋ! ಬರೆದುಕೊಂಡವರ ಕಿವಿಯ ದೋಷವೂ ಇರಬಹುದು.) ಟಿಪ್ಪುವಿನ ಕಡೆಯವರು ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಅದೇ ಸ್ಥಿತಿಯಲ್ಲಿ ಅವನು ಶ್ರೀರಂಗಪಟ್ಟಣದ ಬಳಿ ಬೀಡುಬಿಟ್ಟಿದ್ದ ಮುಂಬಯಿ ಸೈನ್ಯವನ್ನು ಸೇರಿಕೊಂಡ. ಮುಂದೆ ಕಂಪನಿಯಿಂದ ಪಿಂಚಣಿ ಪಡೆದ.

ಇದನ್ನು ಬರೆದು ಪ್ರಕಟಿಸಿದವರು ಟಿಪ್ಪುವಿನ ಶತ್ರುಗಳು ಎಂಬುದನ್ನು ಓದುಗರು ನೆನಪಿಡಬೇಕು. ಹಾಗೆಂದು ಘಟನೆಯೇ ಸುಳ್ಳೆನ್ನಲು ಕಾರಣವಿಲ್ಲ. ಮೂಗು ಕೊಯ್ಯುವುದು ಒಬ್ಬ ಅರಸನ ವೈಯಕ್ತಿಕ ಕ್ರೌರ್ಯವೂ ಆಗಿರಲಿಲ್ಲ. ಅದಕ್ಕೂ ಒಂದು ಶತಮಾನಕ್ಕಿಂತ ಹೆಚ್ಚು ಹಿಂದೆ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, ಮೈಸೂರು ಸೈನ್ಯ ಮಧುರೆಯ ತಿರುಮಲ ನಾಯಕನ ಸೀಮೆಗೆ ನುಗ್ಗಿ ಸಿಕ್ಕವರ ಮೂಗು ಕೊಯ್ದ ವಿವರ ಜೆಸುಯಿಟ್ ಪಾದ್ರಿಗಳ ಪತ್ರಗಳಲ್ಲಿದೆ. ಮಧುರೆಯವರೂ ಅದೇ ರೀತಿಯಲ್ಲಿ ಸೇಡು ತೀರಿಸಿಕೊಂಡರು. ತಮಿಳರು ಆ ಕದನವನ್ನು ಮೂಗು ಕೊಯ್ದ ಯುದ್ಧವೆಂದೇ ಕರೆಯುತ್ತಾರೆ. ವ್ಯಭಿಚಾರದ ಆರೋಪಕ್ಕೂ ಕಳವಿಗೂ ಇದೇ ಶಿಕ್ಷೆ ಭಾರತದ ಹಲವೆಡೆ ಇತ್ತು. ಕೊಯ್ಯುವವರು ಇಷ್ಟೊಂದು ಮಂದಿ ಇದ್ದುದರಿಂದಲೇ ಕೂಡಿಸುವವರೂ ಇದ್ದರು.

ಮೇಣದ ಅಚ್ಚು

ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಕವಾಸ್‌ಜಿ ಮೂಗಿಲ್ಲದೆ ಇದ್ದ. ಬಳಿಕ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಅವನಿಗೆ ಮೂಗು ಕಟ್ಟಿದ. ಬಹುಶಃ ಕುಂಬಾರನಿರಬೇಕು. ಇಂಥ ಚಿಕಿತ್ಸೆಯನ್ನು ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ ಎಂಬ ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡಿದ್ದರು. ವಿವರ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಚಿತ್ರಸಹಿತ ಬಂದಿತು. ನೋಡಿದ ವೈದ್ಯರ ಹೆಸರು ಅಚ್ಚಾಯಿತು, ರೋಗಿಯ ಹೆಸರು ಅಚ್ಚಾಯಿತು, ಚಿತ್ರ ಬರೆದ ಜೇಮ್ಸ್ ವೇಲ್ಸ್‌ನ ಹೆಸರನ್ನು ಇತಿಹಾಸ ಉಳಿಸಿಕೊಂಡಿತು. ಮೂಗು ಮಾಡಿದವನ ಹೆಸರನ್ನು ಯಾರೂ ಕೇಳಿದಂತಿಲ್ಲ.

ಅವನು ಮಾಡಿದ್ದು ಇಷ್ಟು. ಮೊದಲು ತೆಳ್ಳಗಿನ ಮೇಣದ ಹಾಳೆಯೊಂದನ್ನು ಮೊಂಡು ಮೂಗಿನ ಮೇಲಿಟ್ಟು, ನೋಡಲು ಚೆನ್ನಾಗಿರುವ ಮೂಗಿನ ಆಕಾರಕ್ಕೆ ತಿದ್ದಿದ. ಆ ಹಾಳೆಯನ್ನು ತೆಗೆದು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯೊಳಗಿನ ಚರ್ಮವನ್ನು ಬಿಡಿಸಿದ, ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಉಳಿಸಿದ. ಹಳೆಯ ಗಾಯದ ಕಲೆಯನ್ನು ಹೆರೆದು, ಅದರ ಹಿಂದೆ ಮೂಗಿನ ಹೊಳ್ಳೆಗಳ ಸುತ್ತಲೂ ಮೇಲ್ತುಟಿಯವರೆಗೂ ಸೀಳು ಮಾಡಿದ. ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ ಅಂಚನ್ನು ಆ ಸೀಳಿಗೆ ಸೇರಿಸಿದ. ನೀರಿನಲ್ಲಿ ನೆನೆಸಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಸವರಿ, ಐದಾರು ಪದರ ಒಂದರ ಮೇಲೊಂದು ಹಚ್ಚಿದ. ಹೊಲಿಗೆ ಇಲ್ಲ, ಇದೇ ಅಂಟು. ನಾಲ್ಕು ದಿನಗಳ ನಂತರ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ. (ಮೂಗಿಗೆ ತುಪ್ಪ ಸವರುವುದು ಇಲ್ಲಿ ಮೋಸವಲ್ಲ, ಚಿಕಿತ್ಸೆ.) ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆಯ ಬಟ್ಟೆಯ ತುಂಡುಗಳನ್ನು ಒಳಗಿಡಲಾಯಿತು. ಸುಮಾರು 25ನೆಯ ದಿನ ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸಿ, ಹೊಸ ಮೂಗಿನ ರೂಪ ಸುಧಾರಿಸಲು ಇನ್ನಷ್ಟು ತಿದ್ದಲಾಯಿತು.

ಆ ಸಣ್ಣ ಪಟ್ಟಿಯಲ್ಲೇ ಚಿಕಿತ್ಸೆಯ ಜೀವವಿದೆ. ಹುಬ್ಬುಗಳ ಒಳಬದಿಯಿಂದ ಹಣೆಗೆ ಏರುವ ಅಪಧಮನಿಗಳು ಅದರೊಳಗೆ ಹಾದುಹೋಗುತ್ತವೆ. ಹೊಸ ಜಾಗದಲ್ಲಿ ರಕ್ತನಾಳಗಳು ಬೆಳೆದು ಬೆಸೆಯುವವರೆಗೆ ಚರ್ಮಕ್ಕೆ ರಕ್ತ ಸಿಗುವುದು ಅಲ್ಲಿಂದಲೇ. ಮೊದಲ ದಿನವೇ ಪಟ್ಟಿ ಕತ್ತರಿಸಿದ್ದರೆ ಇಡೀ ಮೂಗು ಕಪ್ಪಾಗಿ ಕೊಳೆಯುತ್ತಿತ್ತು. ಮೂರು ವಾರಗಳ ಈ ಕಾಯುವಿಕೆಯನ್ನು ಇಂದಿನ ಶಸ್ತ್ರವೈದ್ಯರೂ ಬಹುಮಟ್ಟಿಗೆ ಪಾಲಿಸುತ್ತಾರೆ.

ಮೇಣದ ಹಾಳೆಯ ಜಾಣ್ಮೆ ಗಣಿತದ್ದು. ಉಬ್ಬು ತಗ್ಗುಗಳಿರುವ ಮೂಗನ್ನು ಚಪ್ಪಟೆ ಹಣೆಯಿಂದ ಮಾಡಬೇಕು. ದರ್ಜಿ ರವಿಕೆಯ ತೋಳನ್ನು ಬಟ್ಟೆಯ ಮೇಲೆ ಬಿಡಿಸಿಕೊಳ್ಳುವಂತೆ ಮೂರು ಆಯಾಮದ ಮೇಲ್ಮೈಯನ್ನು ಎರಡು ಆಯಾಮಕ್ಕೆ ಬಿಡಿಸಬೇಕು. ಎಡಬಲಗಳ ಸಮಮಿತಿಯನ್ನು ಕತ್ತಿ ಮುಟ್ಟುವ ಮೊದಲೇ ಮೇಣದಲ್ಲಿ ನೋಡಿ ತಿದ್ದಿಕೊಳ್ಳಲು ಇದರಿಂದ ಸಾಧ್ಯವಾಯಿತು. ಇದನ್ನು ಭೀಮಾ ತೀರದ ದೇವಣಗಾಂವದಂಥ ಊರಿನ ಶಾಲೆಯಲ್ಲೂ ಮಾಡಿ ನೋಡಬಹುದು. ಜೇಡಿಮಣ್ಣಿನ ಮೂಗು ಮಾಡಿ, ಒದ್ದೆ ಕಾಗದವನ್ನು ಅದರ ಮೇಲೆ ಒತ್ತಿ, ಅಂಚು ಕತ್ತರಿಸಿ ಬಿಡಿಸಿ. ತ್ರಿಕೋನ ಬರುತ್ತದೆಂದು ಮಕ್ಕಳು ಊಹಿಸುತ್ತಾರೆ. ಬರುವುದು ಇಸ್ಪೀಟಿನ ಎಕ್ಕವನ್ನು ಹೋಲುವ ಮೂರು ಎಸಳಿನ ಆಕಾರ.

ಸುಶ್ರುತನದು ಯಾವ ವಿಧಾನ?

ಪುಣೆಯ ಈ ಹಣೆಯ ವಿಧಾನವನ್ನೇ ಸುಶ್ರುತನ ವಿಧಾನವೆಂದು ಅನೇಕ ಪುಸ್ತಕಗಳು ಬರೆಯುತ್ತವೆ. ಗ್ರಂಥ ಹಾಗೆ ಹೇಳುವುದಿಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ ಚರ್ಮ ತೆಗೆಯಬೇಕಾದುದು ಕೆನ್ನೆಯ ಬದಿಯಿಂದ. ಅಲ್ಲಿ ಮೇಣದ ಬದಲು ಮರದ ಎಲೆಯನ್ನು ಮೂಗಿನ ಅಳತೆಗೆ ಕತ್ತರಿಸಿಕೊಳ್ಳಬೇಕು. ಒಳಗೆ ಎರಡು ಕೊಳವೆಗಳನ್ನಿಟ್ಟು ಎತ್ತರ ಕಾಯಬೇಕು. ಯಷ್ಟಿಮಧು ಮುಂತಾದವುಗಳ ಪುಡಿ ಉದುರಿಸಿ, ಬಿಳಿ ಹತ್ತಿ ಹೊದಿಸಿ, ಎಳ್ಳೆಣ್ಣೆ ಸಿಂಪಡಿಸಬೇಕು. ಮಾಗಿದ ಮೇಲೆ ಕಡಿಮೆ ಇದ್ದರೆ ಬೆಳೆಸಬೇಕು, ಮಾಂಸ ಹೆಚ್ಚಾಗಿದ್ದರೆ ಸಮ ಮಾಡಬೇಕು ಎಂಬ ಸೂಚನೆಯೂ ಇದೆ. ಈ ಕೊನೆಯ ಮಾತು ನಮ್ಮ ವಿಷಯಕ್ಕೆ ಮುಖ್ಯ. ಶಸ್ತ್ರಕ್ರಿಯೆ ಮುಗಿದ ಮೇಲೆ ಫಲಿತಾಂಶವನ್ನು ಪರೀಕ್ಷಿಸಿ ಮತ್ತೆ ತಿದ್ದುವುದು ವೈದ್ಯನ ಹೊಣೆ ಎಂದು ಅದು ಹೇಳುತ್ತದೆ.

ಕೆನ್ನೆಯಿಂದ ಹಣೆಗೆ, ವೈದ್ಯನಿಂದ ಕುಂಬಾರನಿಗೆ ಈ ವಿದ್ಯೆ ಬಂದದ್ದು ಕೈಯಿಂದ ಕೈಗೆ ದಾಟಿದ ಅನುಭವವಾಗಿ ಎಂದು ನನಗೆ ತೋರುತ್ತದೆ. ಸುಶ್ರುತನಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಅದಕ್ಕಾಗಿ ಪುಣೆಯವನ ಕೆಲಸವನ್ನು ಅವನ ಲೆಕ್ಕಕ್ಕೆ ಬರೆಯಬೇಕಾಗಿಲ್ಲ.

ಯುರೋಪಿನಲ್ಲಿ ಬೊಲೋನ್ಯದ ತಾಲ್ಯಾಕೋತ್ಸಿ 1597ರಲ್ಲೇ ತೋಳಿನ ಚರ್ಮದಿಂದ ಮೂಗು ಮಾಡುವ ಗ್ರಂಥ ಪ್ರಕಟಿಸಿದ್ದ. ತೋಳನ್ನು ವಾರಗಟ್ಟಲೆ ಮುಖಕ್ಕೆ ಕಟ್ಟಿಕೊಂಡಿರಬೇಕಾದ ಆ ವಿಧಾನ ಕ್ರಮೇಣ ಬಳಕೆ ತಪ್ಪಿತು. ಪುಣೆಯ ವರದಿ ಓದಿದ ಜೋಸೆಫ್ ಕಾರ್ಪ್ಯೂ ಮೊದಲು ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಲಂಡನ್ನಿನಲ್ಲಿ ಈ ಶಸ್ತ್ರಕ್ರಿಯೆ ನಡೆಸಿ, 1816ರಲ್ಲಿ ಎರಡು ಯಶಸ್ವಿ ಪ್ರಕರಣಗಳನ್ನು ಪ್ರಕಟಿಸಿದ. ಬರ್ಲಿನ್ನಿನ ಗ್ರೇಫೆಯ ಪುಸ್ತಕ 1818ರಲ್ಲಿ ಬಂದಿತು. ಹಣೆಯ ವಿಧಾನ ಇಂದಿಗೂ ಭಾರತೀಯ ವಿಧಾನವೆಂಬ ಹೆಸರಿನಲ್ಲೇ ಪ್ರಸಿದ್ಧ.

ಇದ್ದ ಮೂಗನ್ನು ತಿದ್ದುವುದು

ಬರಿಯ ಚರ್ಮದ ಮೂಗಿಗೆ ಒಂದು ದೌರ್ಬಲ್ಯವಿತ್ತು. ಒಳಗೆ ಮೃದ್ವಸ್ಥಿ ಇಲ್ಲ, ಒಳಪದರವಿಲ್ಲ. ಗಾಯ ಮಾಗುವಾಗ ಚರ್ಮ ಕುಗ್ಗಿ ಹೊಳ್ಳೆಗಳು ಕಿರಿದಾಗುತ್ತಿದ್ದವು. ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತಿರಲೂ ಇಲ್ಲ. ಸಮಮಿತಿ ಕೇವಲ ಹೊರರೂಪದ ಮಾತಲ್ಲ, ಒಳಚೌಕಟ್ಟಿನ ಮಾತು ಎಂಬ ಅರಿವು ನಿಧಾನವಾಗಿ ಬೆಳೆಯಿತು.

ಗಾಯವಿಲ್ಲದ ಮೂಗನ್ನು ರೂಪಕ್ಕಾಗಿ ತಿದ್ದುವ ಕೆಲಸ ಶುರುವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಅಮೆರಿಕದ ಜಾನ್ ಓರ್ಲಾಂಡೊ ರೋ 1887ರಲ್ಲಿ ಹೊರಗೆ ಕಲೆ ಕಾಣದಂತೆ ಮೂಗಿನ ಒಳಗಿನಿಂದಲೇ ತುದಿಯನ್ನು ತಿದ್ದಿದ್ದನ್ನು ವರದಿ ಮಾಡಿದ. ಬರ್ಲಿನ್ನಿನ ಜಾಕ್ ಜೋಸೆಫ್ 1898ರಲ್ಲಿ ದೊಡ್ಡ ಮೂಗನ್ನು ಚಿಕ್ಕದು ಮಾಡಿ, ಮುಖದ ಪಾರ್ಶ್ವರೇಖೆಗೂ ಮೂಗಿನ ಬೆನ್ನಿಗೂ ನಡುವಿನ ಕೋನವನ್ನು ಅಳೆಯುವ ಪದ್ಧತಿ ತಂದ. ಕಣ್ಣಳತೆಯ ಜಾಗಕ್ಕೆ ಅಳತೆಗೋಲು ಬಂದಿತು. 1981ರಲ್ಲಿ ಕೆನಡಾದ ಲೆಸ್ಲಿ ಫರ್ಕಾಸ್ ಮುಖದ ಮೇಲಿನ ನಿಶ್ಚಿತ ಬಿಂದುಗಳನ್ನೂ ಅಳತೆಯ ಕ್ರಮವನ್ನೂ ಒಂದೇ ಗ್ರಂಥದಲ್ಲಿ ಕೊಟ್ಟರು.

ಅಳತೆಯ ತತ್ತ್ವ ಸರಳ. ಕಣ್ಣುಗಳ ಒಳಮೂಲೆಗಳ ನಡುಬಿಂದುವಿನಿಂದ ಮೇಲ್ತುಟಿಯ ನಡುವಿನವರೆಗೆ ಒಂದು ಗೆರೆ. ಆ ಗೆರೆಯಿಂದ ಎಡ ಹೊಳ್ಳೆಯ ಹೊರ ಅಂಚು 18 ಮಿ.ಮೀ., ಬಲದ್ದು 16 ಮಿ.ಮೀ. ಎಂದಿಟ್ಟುಕೊಳ್ಳಿ. ವ್ಯತ್ಯಾಸ 2, ಮೊತ್ತ 34. ಅಸಮಮಿತಿ ಶೇಕಡಾ 5.9. ಆದರೆ ಸಂಖ್ಯೆ ಸಿಕ್ಕಿದ ಕೂಡಲೇ ನಂಬಬಾರದು. ಮೂಗಿನ ತುದಿ ಹೊಳ್ಳೆಯ ಬುಡಕ್ಕಿಂತ ಸುಮಾರು 20 ಮಿ.ಮೀ. ಮುಂದಿದ್ದರೆ, ಫೋಟೊ ತೆಗೆಯುವಾಗ ತಲೆ ಬರಿಯ 5 ಡಿಗ್ರಿ ತಿರುಗಿದರೂ ತುದಿ 1.7 ಮಿ.ಮೀ. ಸರಿದಂತೆ ಕಾಣುತ್ತದೆ. ನೆಟ್ಟಗಿರುವ ಮೂಗು ಸೊಟ್ಟಗಾಗಲು ಇಷ್ಟು ಸಾಕು. ಕ್ಯಾಮೆರಾ ಹತ್ತಿರವಿದ್ದರೂ ಮೋಸ. ಸುಮಾರು 30 ಸೆಂ.ಮೀ. ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಒಂದೂವರೆ ಮೀಟರಿನಿಂದ ತೆಗೆದ ಚಿತ್ರಕ್ಕಿಂತ ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆಂದು ಅಮೆರಿಕದ ಸಂಶೋಧಕರು 2018ರಲ್ಲಿ ಗಣಿತ ಮಾದರಿಯಿಂದ ತೋರಿಸಿದರು. ಸೆಲ್ಫಿ ಹಿಡಿದುಕೊಂಡು ಶಸ್ತ್ರವೈದ್ಯರ ಬಳಿ ಹೋಗುವ ಯುವಜನರಿಗೆ ಭೌತವಿಜ್ಞಾನದ ಉಪಾಧ್ಯಾಯರು ಹೇಳಬೇಕಾದ ಮಾತಿದು. ಈಗ ಹಲವು ಕ್ಯಾಮೆರಾಗಳು ಏಕಕಾಲಕ್ಕೆ ತೆಗೆದ ಚಿತ್ರಗಳಿಂದ ಮುಖದ ಮೂರು ಆಯಾಮದ ಪ್ರತಿರೂಪ ಮಾಡಿ, ಅದನ್ನು ಅದರದೇ ಕನ್ನಡಿ ಬಿಂಬದ ಮೇಲೆ ಕೂರಿಸಿ ವ್ಯತ್ಯಾಸ ಅಳೆಯುತ್ತಾರೆ. ಅಂದಹಾಗೆ, ಯಾರ ಮುಖವೂ ಪೂರ್ಣ ಸಮಮಿತಿಯದಲ್ಲ. ತರಗತಿಯಲ್ಲಿ ಈ ಪ್ರಯೋಗ ಮಾಡುವ ಉಪಾಧ್ಯಾಯರು ಮಕ್ಕಳ ಮುಖವನ್ನಲ್ಲ, ತಮ್ಮ ಮುಖವನ್ನೇ ಅಳೆಯುವುದು ಒಳ್ಳೆಯದು.

ಸೊಟ್ಟ ಮೂಗಿನ ಕಾರಣ ಹೆಚ್ಚಾಗಿ ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿರುತ್ತದೆ. ಅದು ಬಾಗಿದ್ದರೆ ಹೊರಗಿನ ಮೂಗನ್ನು ಎಷ್ಟು ತಿದ್ದಿದರೂ ಮತ್ತೆ ಓರೆಯಾಗುತ್ತದೆ, ಉಸಿರಾಟವೂ ಕಷ್ಟ. ಆದ್ದರಿಂದ ಗೋಡೆಯನ್ನು ನೇರಮಾಡಿ, ಬೇಕಾದಲ್ಲಿ ಅದರದೇ ಮೃದ್ವಸ್ಥಿಯ ಪಟ್ಟಿಗಳನ್ನು ಆಧಾರವಾಗಿ ಕೂರಿಸುತ್ತಾರೆ. ಕ್ಯಾನ್ಸರಿನಿಂದಲೋ ಅಪಘಾತದಿಂದಲೋ ಮೂಗಿನ ಒಂದೇ ಬದಿ ಹೋಗಿದ್ದರೆ ಇನ್ನೊಂದು ಬದಿಯೇ ಅಳತೆ. ಉಳಿದ ಹೊಳ್ಳೆಯ ಮೇಲೆ ತೆಳುವಾದ ಲೋಹದ ಹಾಳೆ ಒತ್ತಿ, ಚಪ್ಪಟೆ ಮಾಡಿ, ಮಗುಚಿ, ಹಣೆಯ ಮೇಲಿಟ್ಟು ಗೆರೆ ಎಳೆಯುತ್ತಾರೆ. ಮೇಣ ಹೋಗಿ ಲೋಹ ಬಂದಿದೆ, ಅಷ್ಟೇ.

ಫಲಿತಾಂಶವನ್ನು ಯಾವಾಗ ನೋಡಬೇಕು ಎಂಬುದಕ್ಕೂ ನಿಯಮವಿದೆ. ಬಾವು ಪೂರ್ತಿ ಇಳಿಯಲು, ಅದರಲ್ಲೂ ತುದಿಯಲ್ಲಿ, ಒಂದು ವರ್ಷವಾದರೂ ಬೇಕು. ಅದಕ್ಕೆ ಮುಂಚೆ ತೀರ್ಪು ಕೊಡಬಾರದು. ಕವಾಸ್‌ಜಿಯ ಚಿತ್ರ ಬರೆದದ್ದು 1794ರ ಜನವರಿಯಲ್ಲಿ, ಶಸ್ತ್ರಕ್ರಿಯೆಯಾದ ಹತ್ತು ತಿಂಗಳಿಗೆ. ಹೊಸ ಮೂಗು ಸಹಜ ಮೂಗಿನಷ್ಟೇ ಎನ್ನುವ ಹಾಗೆ ಕಾಣುತ್ತದೆ, ಹಣೆಯ ಕಲೆಯೂ ಕಾಲಕ್ರಮದಲ್ಲಿ ಅಷ್ಟಾಗಿ ತೋರುವುದಿಲ್ಲ ಎಂದು ವರದಿಗಾರ ಬರೆದ. ಇಂದಿನ ಲೆಕ್ಕದಲ್ಲಿ ಅವನು ಇನ್ನೆರಡು ತಿಂಗಳು ಕಾಯಬೇಕಿತ್ತು.