ಹಸಿರು ಮೋರೆಯ ಟೀಚರಮ್ಮ

ಅಕ್ಟೋಬರ್ ತಿಂಗಳ ಕೊನೆಯ ಸಂಜೆ ಇಲ್ಲಿ ಅಮೆರಿಕದಲ್ಲಿ ಮಿಠಾಯಿ ಕೇಳಿಕೊಂಡು ಮನೆಮನೆಗೆ ಬರುವ ಮಕ್ಕಳ ಗುಂಪಿನಲ್ಲಿ ಚೂಪು ಕರಿಟೋಪಿಯ, ಹಸಿರು ಮೋರೆಯ ಮಾಟಗಾತಿ ಒಬ್ಬಳಾದರೂ ಇರುತ್ತಾಳೆ. ಬಾಮ್ 1900ರಲ್ಲಿ ಬರೆದ ಆಝ್ ನಾಡಿನ ಕಥೆಯಲ್ಲಿ ಆ ದುಷ್ಟೆಗೆ ಒಂದೇ ಕಣ್ಣು. ಹಸಿರು ಮೈಯ ಮಾತೇ ಇಲ್ಲ. ಆ ಬಣ್ಣ ಅವಳಿಗೆ ಅಂಟಿದ್ದು 1939ರ ‘ದಿ ವಿಝರ್ಡ್ ಆಫ್ ಆಝ್’ ಚಿತ್ರದಿಂದ. ಬಣ್ಣ ಬಳಿಸಿಕೊಂಡವಳ ಹೆಸರು ಮಾರ್ಗರೆಟ್ ಹ್ಯಾಮಿಲ್ಟನ್.

ನಾನು ಈ ಹೆಂಗಸಿನ ಬೆನ್ನು ಹತ್ತಿದ್ದಕ್ಕೆ ಲಲಿತಾ ಪವಾರ್ ಕಾರಣ. 1987ರಲ್ಲಿ ದೂರದರ್ಶನದ ರಾಮಾಯಣದಲ್ಲಿ ಮಂಥರೆಯಾಗಿ ಬಂದ ಆಕೆಯನ್ನು ನಮ್ಮ ಮನೆಯ ಹಿರಿಯರೆಲ್ಲ ಬಾಯ್ತುಂಬ ಶಪಿಸಿದ್ದರು. ಚಿತ್ರೀಕರಣವೊಂದರಲ್ಲಿ ಬಿದ್ದ ಕಪಾಳದ ಏಟಿಗೆ ಎಡಗಣ್ಣು ಊನವಾಗಿ, ನಾಯಕಿಯಾಗಿದ್ದವಳು ಗಯ್ಯಾಳಿ ಅತ್ತೆಯಾದಳೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಮಾರ್ಗರೆಟ್‌ಗೆ ಅಂಥ ಏಟೇನೂ ಬೀಳಬೇಕಾಗಿರಲಿಲ್ಲ. ಉದ್ದ ಮೂಗು, ಮುಂಚಾಚಿದ ಗದ್ದ ಹುಟ್ಟಿನಿಂದಲೇ ಬಂದಿದ್ದವು.

1902ರಲ್ಲಿ ಒಹಾಯೋದ ಕ್ಲೀವ್‌ಲ್ಯಾಂಡಿನಲ್ಲಿ ಹುಟ್ಟಿದವಳು. ಬಾಸ್ಟನ್ನಿನ ವೀಲಾಕ್‌ನಲ್ಲಿ ತರಬೇತಿ ಪಡೆದು ಶಿಶುವಿಹಾರದ ಟೀಚರಾದಳು. ನಾಟಕದ ಗೀಳಿತ್ತು, 1933ರಲ್ಲಿ ಸಿನಿಮಾಕ್ಕೆ ಬಂದಳು. ಸಿಕ್ಕಿದ್ದೆಲ್ಲ ಸಿಡುಕಿಯ, ಚಾಡಿಕೋರಿಯ, ಮನೆಗೆಲಸದವಳ ಪಾತ್ರ. 1938ರಲ್ಲಿ ವಿಚ್ಛೇದನವಾಗಿ, ಪುಟ್ಟ ಮಗನ ಹೊಣೆ ಹೆಗಲಿಗೆ ಬಿತ್ತು. ಒಂದೇ ಸ್ಟುಡಿಯೋಗೆ ಕಟ್ಟುಬೀಳದೆ ವಾರದ ಲೆಕ್ಕದಲ್ಲಿ ದುಡಿಯುತ್ತಿದ್ದಳು; ಕೆಲಸವಿದ್ದ ವಾರ ಸಂಬಳ, ಇಲ್ಲದ ವಾರ ಇಲ್ಲ.

ಮಾಟಗಾತಿಯ ಪಾತ್ರಕ್ಕೆ ಮೊದಲು ಆರಿಸಿದ್ದು ಗೇಲ್ ಸಾಂಡರ್‌ಗಾರ್ಡ್ ಎಂಬ ಚೆಲುವೆಯನ್ನು. ಮಾಟಗಾತಿ ಕುರೂಪಿಯಾಗಿರಲಿ ಎಂದು ಸ್ಟುಡಿಯೋ ಮನಸ್ಸು ಬದಲಿಸಿದಾಗ ಆಕೆ ಒಲ್ಲೆನೆಂದಳು. ಚಿತ್ರೀಕರಣಕ್ಕೆ ಕೆಲವೇ ದಿನ ಉಳಿದಿದ್ದಾಗ ಮಾರ್ಗರೆಟ್ ಒಪ್ಪಿದಳು. ಬಾಲ್ಯದಿಂದ ಆಕೆಗೆ ಪ್ರಿಯವಾಗಿದ್ದ ಪುಸ್ತಕ ಅದು. ತನಗೆ ಯಾವ ಪಾತ್ರ ಎಂದು ಏಜೆಂಟನನ್ನು ಕೇಳಿದಳಂತೆ. ಮಾಟಗಾತಿಯಲ್ಲದೆ ಇನ್ನೇನು ಎಂದನಂತೆ ಆತ.

1938ರ ಡಿಸೆಂಬರ್ 23. ಕುಳ್ಳರ ಊರಿನಿಂದ ಮಾಟಗಾತಿ ಹೊಗೆ, ಬೆಂಕಿಯ ನಡುವೆ ಮಾಯವಾಗುವ ದೃಶ್ಯ. ಕೆಳಗೆ ಗುಪ್ತ ಬಾಗಿಲು. ಆಕೆ ಅದರೊಳಗೆ ಇಳಿದ ಮೇಲೆ ಜ್ವಾಲೆ ಏಳಬೇಕು. ಮೊದಲ ಸಲ ಎಲ್ಲ ಸರಿಯಾಯಿತು; ಇಂದು ಚಿತ್ರದಲ್ಲಿ ಕಾಣುವುದೂ ಅದೇ. ಆದರೂ ಮತ್ತೊಮ್ಮೆ ತೆಗೆದರು. ಆಗ ಆಕೆ ಇಳಿಯುವ ಮೊದಲೇ ಬೆಂಕಿ ಎದ್ದಿತು. ಪೊರಕೆ, ಟೋಪಿ ಹೊತ್ತಿಕೊಂಡವು. ಮುಖ, ಕೈ ಸುಟ್ಟವು. ಹಸಿರು ಬಣ್ಣದಲ್ಲಿ ತಾಮ್ರವಿತ್ತು. ಗಾಯದೊಳಗೆ ಇಳಿದರೆ ವಿಷ. ಹಾಗಾಗಿ ಬೆಂದ ಚರ್ಮದ ಮೇಲೆಯೇ ಆಲ್ಕೋಹಾಲ್ ಹಾಕಿ ಬಣ್ಣ ಒರೆಸಿ ತೆಗೆದರು. ಓದುವಾಗಲೇ ಕೈ ಚುರುಗುಟ್ಟುತ್ತದೆ.

ಆರು ವಾರದ ಮೇಲೆ ಮರಳಿ ಬಂದಳು. ಮೊಕದ್ದಮೆ ಹೂಡಲಿಲ್ಲ, ಹೂಡಿದರೆ ಮತ್ತೆ ಯಾರೂ ಕೆಲಸ ಕೊಡುವುದಿಲ್ಲವೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಇನ್ನು ಬೆಂಕಿಯ ಹತ್ತಿರ ಹೋಗುವುದಿಲ್ಲ ಎಂಬುದೊಂದೇ ಷರತ್ತು. ಹೊಗೆಯುಗುಳುವ ಪೊರಕೆ ಏರಲು ಒಲ್ಲೆನೆಂದಾಗ ಬದಲಿಗೆ ಏರಿದ ಬೆಟ್ಟಿ ಡ್ಯಾಂಕೊ, ಹೊಗೆಯ ಕೊಳವೆ ಸಿಡಿದು ಕಾಲಿಗೆ ಪೆಟ್ಟು ತಿಂದು ಆಸ್ಪತ್ರೆ ಸೇರಿದಳು. ಆಕೆಯ ಹೆಸರು ಹೇಳುವವರು ಇಂದು ಎಷ್ಟು ಮಂದಿ?

ಇಷ್ಟಾಗಿ ಮಾಟಗಾತಿ ಪರದೆಯ ಮೇಲಿರುವುದು ಸುಮಾರು 12 ನಿಮಿಷ. ಹೆದರಿಸುವ ತುಣುಕುಗಳನ್ನು ಬಿಡುಗಡೆಗೆ ಮುನ್ನ ಕತ್ತರಿಸಿದ್ದರು. ಉಳಿದಷ್ಟೇ ಸಾಕಾಯಿತು. 2003ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಮಾಡಿದ ಖಳರ ಪಟ್ಟಿಯಲ್ಲಿ ಈ ಮಾಟಗಾತಿ ನಾಲ್ಕನೆಯವಳು, ಹೆಂಗಸರಲ್ಲಿ ಮೊದಲಿಗಳು.

ಚಿತ್ರ 1956ರಲ್ಲಿ ಟೀವಿಗೆ ಬಂತು. 1959ರಿಂದ ವರ್ಷಕ್ಕೊಮ್ಮೆ ಹಬ್ಬದಂತೆ ಮರಳತೊಡಗಿತು. ಥಿಯೇಟರಿನಲ್ಲಿದ್ದ ಭಯ ನಡುಮನೆಗೇ ಬಂತು. ಮಾರ್ಗರೆಟ್ ಆ ಹೊತ್ತಿಗೆ ಬೆವರ್ಲಿ ಹಿಲ್ಸ್‌ನ ಶಿಕ್ಷಣ ಮಂಡಳಿಯಲ್ಲಿ ಮೂರು ವರ್ಷ ಸದಸ್ಯೆಯಾಗಿದ್ದವಳು, ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು. ಮಕ್ಕಳು ತನ್ನನ್ನು ಕಂಡು ಹೆದರುವುದು ಆಕೆಗೆ ಕೊನೆಯವರೆಗೂ ಚುಚ್ಚುತ್ತಿತ್ತು. ನಮ್ಮಲ್ಲಿ ಪೂತನಿಯ ವೇಷ ಹಾಕಿದವರು ಚೌಕಿಯಲ್ಲಿ ಬಣ್ಣ ತೊಳೆದು ಊರಿನವರಾಗಿಬಿಡುತ್ತಾರೆ. ಟೀವಿಯ ಬಣ್ಣ ತೊಳೆಯುವುದು ಹೇಗೆ?

1975ರಲ್ಲಿ ಅದಕ್ಕೊಂದು ದಾರಿ ಸಿಕ್ಕಿತು. ಫ್ರೆಡ್ ರಾಜರ್ಸ್ ಅವರ ಮಕ್ಕಳ ಕಾರ್ಯಕ್ರಮಕ್ಕೆ ಆಕೆ ತನ್ನದೇ ಮುಖದಲ್ಲಿ, ಮಾಮೂಲಿ ಬಟ್ಟೆಯಲ್ಲಿ ಬಂದಳು. ಮಾಟಗಾತಿಯ ಉಡುಪನ್ನು ಒಂದೊಂದಾಗಿ ತೋರಿಸುತ್ತ ಮಕ್ಕಳ ಕಣ್ಣೆದುರೇ ತೊಟ್ಟಳು. ಆ ಮಾಟಗಾತಿಗೂ ಬೇಕಾದದ್ದು ಸಿಗಲಿಲ್ಲ, ಪಾಪ, ಎಂಬಂತೆ ವಿವರಿಸಿದಳು. ನಾನು ಆ ತುಣುಕನ್ನು ಮತ್ತೆಮತ್ತೆ ನೋಡಿದ್ದೇನೆ. ಅಲ್ಲಿ ನಟಿ ಕಾಣುವುದಿಲ್ಲ. ನೆಲದ ಮೇಲೆ ಚಾಪೆ ಹಾಸಿ ಮಕ್ಕಳನ್ನು ಕೂರಿಸಿಕೊಂಡ ಟೀಚರ್ ಕಾಣುತ್ತಾಳೆ.

ಮರುವರ್ಷ ‘ಸೆಸಮಿ ಸ್ಟ್ರೀಟ್’ನವರು ಆಕೆಯನ್ನು ಮಾಟಗಾತಿಯಾಗಿಯೇ ಕರೆದರು. ಮಕ್ಕಳು ಹೆದರಿದರೆಂದು ಹೆತ್ತವರ ದೂರಿನ ಪತ್ರಗಳು ಬಂದವು. ಆ ಕಂತನ್ನು ಮತ್ತೆ ಪ್ರಸಾರ ಮಾಡಲಿಲ್ಲ. ಆಗ ಆಕೆಗೆ 73 ವರ್ಷ. ಅದೇ ವರ್ಷಗಳಲ್ಲಿ ಜಾಹೀರಾತಿನ ಅಂಗಡಿಯಮ್ಮ ಕೋರಾ ಆಗಿ ದೇಶಕ್ಕೆಲ್ಲ ಕಾಫಿಪುಡಿ ಮಾರುತ್ತಿದ್ದಳು.